ನಶ್ಯ ಮೆತ್ತಿದ ಕನ್ನಡಕ

ನಾನು ಚಿಕ್ಕವನಿದ್ದಾಗ ಕನ್ನಡಕ ಕಂಡರೆ ನನಗೆ ವಾಕರಿಕೆ ಬರುತ್ತಿತ್ತು. ನಗಬೇಡಿ ಮಕ್ಕಳೇ. ಮಾಲೂರಿನ ಸಂತೆಯಲ್ಲಿ ಕನ್ನಡಕ ಮಾರುತ್ತಿದ್ದವನ ತಟ್ಟೆಯನ್ನು ನೋಡಿದ್ದರೆ ನಿಮಗೂ ಅವತ್ತು ಊಟ ಸೇರುತ್ತಿರಲಿಲ್ಲ.

ನನಗೆ ಹತ್ತಿರದ್ದು ಕಾಣುತ್ತಿತ್ತು, ದೂರದ್ದೆಲ್ಲ ಮಂಜು. ಶಾಲೆಯಲ್ಲಿ ಕಪ್ಪು ಹಲಗೆಯ ಮೇಲೆ ಬರೆದದ್ದು ಒಂದೂ ತಿಳಿಯುತ್ತಿರಲಿಲ್ಲ. ಮೇಷ್ಟ್ರು ಅಪ್ಪನನ್ನು ಕರೆಸಿ, ಹುಡುಗನಿಗೆ ಕನ್ನಡಕ ಕೊಡಿಸಿ, ಇಲ್ಲದಿದ್ದರೆ ಶಾಲೆಗೆ ಕಳಿಸಿ ಪ್ರಯೋಜನವಿಲ್ಲ ಎಂದಿದ್ದರು. ಅಪ್ಪನೂ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: ಈ ಸಂತೆಯಲ್ಲಿ ಕನ್ನಡಕ ಹೊಂದದಿದ್ದರೆ ನಾಳೆಯಿಂದ ಶಾಲೆ ಬಿಟ್ಟು ಹಿಪ್ಪುನೇರಳೆ ಸೊಪ್ಪು ಕೊಯ್ಯಬೇಕು. ನನಗೋ ಓದಬೇಕೆಂಬ ಆಸೆ ವಿಪರೀತ. ಅಪ್ಪ, ಅಕ್ಕನ ಜೊತೆ ಗಾಡಿ ಹತ್ತಿದೆ.

ಕನ್ನಡಕದವನು ಮುಳಬಾಗಿಲಿನ ಕಡೆಯವನು, ಅರ್ಧ ತೆಲುಗು ಅರ್ಧ ಕನ್ನಡದ ಮಾತು. ಮಹಾಯುದ್ಧ ನಡೆಯುವಾಗ ಹೊಸ ಗಾಜು ಎಲ್ಲಿಂದ ಬರಬೇಕು ಎಂಬುದು ಅವನ ನೆಪ. ತಟ್ಟೆಯಲ್ಲಿದ್ದುದೆಲ್ಲ ಹಳೆಯವು. ಸತ್ತವರ ಮನೆಗಳಿಂದ ಕೊಂಡು ತಂದವಂತೆ. ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು. ತಂತಿಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಕಿವಿಗೆ ಸಿಕ್ಕಿಸುವ ಕೊಕ್ಕೆಗಳಲ್ಲಿ ಯಾರ ಯಾರದೋ ಕಿವಿಯ ಗುಗ್ಗೆ. ಒಂದರ ಕೀಲಿನಲ್ಲಿ ಬಿಳಿ ಕೂದಲು ಸಿಕ್ಕಿಕೊಂಡಿತ್ತು. ಗಿರಾಕಿ ಬಂದಾಗಲೆಲ್ಲ ಅವನು ಎಲೆಅಡಿಕೆ ತುಂಬಿದ ಬಾಯಿಂದ ಗಾಜಿನ ಮೇಲೆ ಹಾ ಎಂದು ಉಸಿರು ಬಿಟ್ಟು, ಪಂಚೆಯ ಚುಂಗಿನಿಂದ ಒರೆಸುತ್ತಿದ್ದ. ಥೂ, ಆ ಪಂಚೆಯ ಬಣ್ಣ ಹೇಳುವುದು ಬೇಡ.

ಅಕ್ಷರ ಯಾವುದರಲ್ಲಿ ದೊಡ್ಡದಾಗಿ ಕಾಣುತ್ತದೋ ಅದೇ ಒಳ್ಳೆಯ ಕನ್ನಡಕ ಎಂದು ಅವನು ಹೇಳಿದ, ಅಪ್ಪ ನಂಬಿದ. ಓದು ಬಾರದ ಅಪ್ಪ ಒಂದು ಹರಕು ಹಾಳೆಯ ಮೇಲೆ ಒಂದೊಂದನ್ನೂ ಹಿಡಿದು ನೋಡಿ, ಅಕ್ಷರವನ್ನು ಹುಣಸೆಬೀಜದಷ್ಟು ದಪ್ಪ ತೋರಿಸಿದ್ದನ್ನು ಆರಿಸಿ ನನ್ನ ಮೂಗಿಗೆ ಏರಿಸಿದ. ನೆಲ ಉಬ್ಬಿ ಮೇಲೆ ಬಂತು. ಇದ್ದ ಮಂಜು ಇನ್ನೂ ದಟ್ಟವಾಯಿತು ಎಂದು ಕೂಗಿದೆ. ಹೇಸಿಗೆಯೋ ತಲೆಸುತ್ತೋ, ಬೆಳಿಗ್ಗೆ ತಿಂದಿದ್ದ ಮುದ್ದೆಯನ್ನೆಲ್ಲ ಅಲ್ಲೇ ಕಕ್ಕಿದೆ. ಕನ್ನಡಕದವನು ಕಾಲು ಹಿಂದಕ್ಕೆ ಎಳೆದುಕೊಂಡು, ಅಭ್ಯಾಸವಾಗುತ್ತದೆ ಎಂದ.

"ಇವನ ಹಣೇಲಿ ಓದು ಬರ್ದಿಲ್ಲ, ನಡೀರಿ ಹೋಗೋಣ," ಎಂದ ಅಪ್ಪ.

ಅಕ್ಕ ಕದಲಲಿಲ್ಲ. ತಟ್ಟೆಯ ಮೂಲೆಯಲ್ಲಿ ಬಿದ್ದಿದ್ದ ಒಂದನ್ನು ಎತ್ತಿಕೊಂಡಳು.

"ಅದಿ ಪನಿಕಿರಾದಮ್ಮಾ, ಕೆಲ್ಸಕ್ಕೆ ಬರಲ್ಲ. ಅಕ್ಷರಾನ ಇರುವೆ ಮಾಡ್ತದೆ," ಎಂದ ಕನ್ನಡಕದವನು.

ದಪ್ಪ ತೋರಿಸುವ ಗಾಜಿನಲ್ಲಿ ಮಂಜು ಹೆಚ್ಚಾಯಿತೆಂದರೆ ಸಣ್ಣ ತೋರಿಸುವುದನ್ನೂ ನೋಡಿಬಿಡೋಣ ಎಂಬುದು ಅಕ್ಕನ ವಾದ. ಆದರೆ ಎಲ್ಲಕ್ಕಿಂತ ಗಲೀಜು ಅದೇ. ಮೂಗಿನ ಮೇಲೆ ಕೂರುವ ಜಾಗದಲ್ಲಿ ಯಾರೋ ಅಜ್ಜನ ನಶ್ಯ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ನಾನು ಮುಖ ತಿರುಗಿಸಿದೆ.

"ಲೇ, ಉಸಿರು ಬಿಗಿಹಿಡ್ಕೊಂಡು ಒಂದ್ಸಲ ಹಾಕ್ಕೊಳ್ಳೋ. ಇಲ್ದಿದ್ರೆ ನಾಳೆಯಿಂದ ಸೊಪ್ಪು ಕೊಯ್ಯೋದೇ ಕಣೋ," ಎಂದಳು ಅಕ್ಕ.

ಹಾಕಿಕೊಂಡೆ. ರಸ್ತೆಯಾಚೆ ಒಬ್ಬಳು ಬೆಲ್ಲದ ಮಿಠಾಯಿ ಮಾರುತ್ತಿದ್ದಳು. ಕಪ್ಪು ಎಳ್ಳು ಮೆತ್ತಿದ ಮಿಠಾಯಿ ಎಂದು ದೂರದಿಂದಲೇ ಎಷ್ಟೋ ಸಂತೆಗಳಲ್ಲಿ ಬಾಯಲ್ಲಿ ನೀರೂರಿಸಿಕೊಂಡಿದ್ದೆ. ಈಗ ನೋಡಿದರೆ ಅದು ಎಳ್ಳಲ್ಲ, ನೊಣ! ಒಂದೊಂದೂ ಬೇರೆ ಬೇರೆಯಾಗಿ ಕಂಡಿತು. ಅಷ್ಟು ಅಸಹ್ಯವಾದದ್ದನ್ನು ಅಷ್ಟು ಸಂತೋಷದಿಂದ ನಾನು ಮತ್ತೆಂದೂ ನೋಡಿಲ್ಲ. ಪಕ್ಕದ ಅಂಗಡಿಯ ಹಲಗೆಯ ಮೇಲಿದ್ದುದನ್ನೂ ಗಟ್ಟಿಯಾಗಿ ಓದಿದೆ. ಅಪ್ಪ ಅದನ್ನೇ ಕೊಂಡ.

ಗಾಜಿನ ಗುಟ್ಟು ಆಮೇಲೆ ತಿಳಿಯಿತು. ನಡುವೆ ಉಬ್ಬಿದ ಗಾಜು ಹತ್ತಿರದ್ದು ಕಾಣದವರಿಗೆ. ನಡುವೆ ತೆಳ್ಳಗಿದ್ದು ಅಂಚಿನಲ್ಲಿ ದಪ್ಪಗಿರುವುದು ನನ್ನಂತೆ ದೂರದ್ದು ಕಾಣದವರಿಗೆ.

ಮೊನ್ನೆ ನಿಮ್ಮನ್ನು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋಗಿದ್ದೆನಲ್ಲ. ಒಂದೊಂದೇ ಕಣ್ಣು ಮುಚ್ಚಿಸಿ ಓದಿಸಿದರು, ಎರಡು ಪಾಪೆಗಳ ನಡುವಿನ ಅಂತರ ಅಳೆದರು, ನಿಮ್ಮ ಕಣ್ಣಿಗೆಂದೇ ಗಾಜು ಮಾಡಿಸಿ ಹೊಸ ಡಬ್ಬಿಯಲ್ಲಿಟ್ಟು ಕೊಟ್ಟರು. ಅದನ್ನು ನೀವು ಚಿಪ್ಸ್ ತಿಂದ ಕೈಯಲ್ಲಿ ಹಿಡಿದು ಅಂಗಿಯ ತುದಿಯಿಂದ ಒರೆಸುತ್ತೀರಿ. ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನದನ್ನು ಸೀಗೆಪುಡಿ ಹಾಕಿ ಎಷ್ಟು ಉಜ್ಜಿದರೂ ನಶ್ಯದ ವಾಸನೆ ಹೋಗಲಿಲ್ಲ. ಹೈಸ್ಕೂಲು ಮುಗಿಯುವವರೆಗೂ ದಿನಾ ಬೆಳಿಗ್ಗೆ ಹೇಸಿಕೊಂಡೇ ಹಾಕಿಕೊಂಡೆ. ಆ ಅಜ್ಜ ಯಾರೋ, ಯಾವ ಊರಿನವನೋ. ಅವನು ಸತ್ತದ್ದರಿಂದ ನನಗೆ ಕಪ್ಪು ಹಲಗೆ ಕಂಡಿತು. ನಿಮಗೆ ಹಲಗೆ ಕಾಣಬೇಕಾದರೆ ಯಾರೂ ಸಾಯಬೇಕಾಗಿಲ್ಲ.