ಅಗಾಯ್ ಹಾಕಿಟ್ಟ ದಾರಿ

ನಮ್ಮ ಆಸ್ಪತ್ರೆಯ ಕಂಪ್ಯೂಟರು ಕೈಕೊಟ್ಟರೆ ಕರೆಯುವುದು ಬುರುಲ್ಚಾಳನ್ನೇ. ನಾರಿನ್ ಕಡೆಯ ಈ ಪುಟ್ಟ ಪಟ್ಟಣದಲ್ಲಿ ಬಟ್ಟೆ ಒಗೆಯುವ ಯಂತ್ರ ನಿಂತರೂ ಅವಳನ್ನೇ ಕರೆಯುತ್ತಾರೆ, ವೈರು ಇರುವುದೆಲ್ಲ ಅವಳ ತವರಿನಿಂದ ಬಂದದ್ದು ಎಂಬಂತೆ. ಗಣಿತದ ಮೇಡಂ ಆಗಬೇಕೆಂದು ಓದಿದವಳು. ಶಾಲೆಯಲ್ಲಿ ಜಾಗ ಖಾಲಿ ಇರಲಿಲ್ಲ. ಆಸ್ಪತ್ರೆಯಲ್ಲಿ ಒಂದು ಲಿನಕ್ಸ್ ಕಂಪ್ಯೂಟರು ಇತ್ತು, ಅದನ್ನು ಕಲಿಸಿಕೊಡಲು ಅಸಾನ್‌ಕಾದಿರ್ ಇದ್ದರು. ಅವರನ್ನು ಊರೆಲ್ಲ ಅಗಾಯ್ ಎನ್ನುತ್ತದೆ, ಎಂದರೆ ಮೇಷ್ಟ್ರು.

ಅಗಾಯ್ ನಿವೃತ್ತರಾಗಿ ನಾಲ್ಕು ವರ್ಷವಾಯಿತು. ಅವರ ಕಾಲದಲ್ಲಿ ಮಾಡಿನ ಮೇಲಿನ ಆಂಟೆನಾದಿಂದ ಇಂಟರ್ನೆಟ್ ಬರುತ್ತಿತ್ತು. ಅವರು ಹೋದಮೇಲೆ ನೆಲದಡಿಯ ಕೇಬಲ್ ಬಂತು, ಆಂಟೆನಾ ಪಾರಿವಾಳಗಳ ಪಾಲಾಯಿತು. ಆದರೆ ಕಂಪ್ಯೂಟರಿನೊಳಗೆ ಅಗಾಯ್ ಕೈಯಾರೆ ಬರೆದ ಸಾಲು ಹಾಗೇ ಉಳಿಯಿತು: ಹೊರಗೆ ಹೋಗುವುದೆಲ್ಲ ಮೊದಲು ಆಂಟೆನಾ ದಾರಿಯಲ್ಲೇ ಹೋಗಲಿ. ಕರೆಂಟು ಹೋಗಿ ಬಂದಾಗಲೆಲ್ಲ ಕಂಪ್ಯೂಟರು ಆ ಸಾಲನ್ನು ಓದಿ, ಇದ್ದಬದ್ದದ್ದನ್ನೆಲ್ಲ ಆ ಸತ್ತ ದಾರಿಗೆ ತಳ್ಳುತ್ತಿತ್ತು. ಬುರುಲ್ಚಾ ಓಡಿಬಂದು ಆ ಹೊತ್ತಿಗೆ ಮಾತ್ರ ಆ ದಾರಿಯನ್ನು ತೆಗೆದುಹಾಕುತ್ತಿದ್ದಳು. ಫೈಲಿನಲ್ಲಿದ್ದ ಸಾಲನ್ನು ಮುಟ್ಟುತ್ತಿರಲಿಲ್ಲ. ಹಿರಿಯರು ಇಟ್ಟದ್ದನ್ನು ಅಳಿಸುವುದುಂಟೇ? ಹೀಗೆ ಇನ್ನೂರು ಸಲವಾದರೂ ಓಡಿಬಂದಿರಬೇಕು. ಇದಕ್ಕೆ ನಾವೆಲ್ಲ ಮರ್ಯಾದೆ ಎಂದು ಹೆಸರಿಟ್ಟಿದ್ದೆವು.

ಕಳೆದ ಶುಕ್ರವಾರ ಕುರಿ ಕಾಯುವ ಶಾರ್ಶೆನ್ ಕುದುರೆಯಿಂದ ಬಿದ್ದು ಕತ್ತಿಗೆ ಪೆಟ್ಟು ಮಾಡಿಕೊಂಡ. ಎಕ್ಸ್-ರೇ ತೆಗೆದವನು ನಾನೇ. ಚಿತ್ರವನ್ನು ರಾಜಧಾನಿ ಬಿಶ್ಕೆಕ್‌ನ ಮೂಳೆ ಡಾಕ್ಟರು ನೋಡುವ ತನಕ ಅವನನ್ನು ಅಲುಗಾಡಿಸುವಂತಿಲ್ಲ. ತಪ್ಪಿ ಎತ್ತಿದರೆ ಕೈಕಾಲು ಬಿದ್ದುಹೋಗಬಹುದು. ಅಷ್ಟರಲ್ಲೇ ಕರೆಂಟು ಹೋಗಿ ಬಂತು, ಕಳಿಸುತ್ತಿದ್ದ ಚಿತ್ರ ನಿಂತಲ್ಲೇ ನಿಂತಿತು.

ಬುರುಲ್ಚಾ ಬಂದಳು. ಬಂದವಳು ಬಾಗಿಲಲ್ಲೇ ನಿಂತಳು. ನಮಾಜು ಮುಗಿಸಿ ಚಹಾಕ್ಕೆ ಬಂದ ಅಗಾಯ್, ಕಂಪ್ಯೂಟರಿನ ಪಕ್ಕದಲ್ಲೇ ಬಿಳಿ ಕಲ್ಪಾಕ್ ಟೋಪಿ ಹಾಕಿಕೊಂಡು ಕೂತಿದ್ದರು. ಅವರ ಕಣ್ಣೆದುರಿಗೇ ಅವರ ದಾರಿಯನ್ನು ತೆಗೆದುಹಾಕುವುದು ಹೇಗೆ?

"ಸ್ವಲ್ಪ ಹೊರಗೆ ಬಿಸಿಲಿಗೆ ಕೂತ್ಕೋತೀರಾ ಅಗಾಯ್?" ಎಂದೆ.

"ಯಾಕಪ್ಪಾ, ನಾನೇನು ಒಣಗಿಸೋ ಕುರುತ್ ಮೊಸರುಂಡೆನಾ?"

ಹೊರಗೆ ಶಾರ್ಶೆನ್‌ನ ಹೆಂಡತಿ ಗೋಡೆಗೆ ಒರಗಿ ನಿಂತು, "ಎಜೆ, ಹೋಯ್ತಾ ಚಿತ್ರ?" ಎಂದು ಕೇಳುತ್ತಲೇ ಇದ್ದಳು. ಎಜೆ ಎಂದರೆ ಅಕ್ಕ. ನಮ್ಮ ಬುರುಲ್ಚಾ ಅಕ್ಕನಿಗೆ ಬೆವರು ಇಳಿಯುತ್ತಿತ್ತು. ನನಗೋ ಆ ಮುದುಕರನ್ನು ಕುರ್ಚಿ ಸಮೇತ ಹೊತ್ತುಕೊಂಡು ಹೋಗುವಷ್ಟು ಸಿಟ್ಟು.

ಕೊನೆಗೆ ಬುರುಲ್ಚಾ ಕೂತು ಫೈಲು ತೆರೆದಳು. ಅಗಾಯ್ ಬರೆದ ಸಾಲಿನ ಕೊನೆಯಲ್ಲಿದ್ದ ಹತ್ತು ಎಂಬ ನಂಬರನ್ನು ಒಂಬೈನೂರು ಮಾಡಿ, ನೆಟ್‌ವರ್ಕನ್ನು ಮತ್ತೆ ಶುರು ಮಾಡಿದಳು.

"ಏನಮ್ಮಾ ಅದು?"

"ನಿಮ್ಮ ದಾರಿಗೆ ದೊಡ್ಡ ನಂಬರು ಕೊಟ್ಟೆ ಅಗಾಯ್. ಇಲ್ಲಿ ನಿಮ್ಮದೇ ಎಲ್ಲಕ್ಕಿಂತ ದೊಡ್ಡದು."

ಅವರು ತಲೆದೂಗಿದರು. ಚಿತ್ರ ಸರ್ರನೆ ಹೋಯಿತು. ಹತ್ತು ನಿಮಿಷಕ್ಕೆ ಡಾಕ್ಟರ ಫೋನು ಬಂತು: ಮೂಳೆ ಬಿರುಕು ಬಿಟ್ಟಿದೆ, ಹಲಗೆಗೆ ಕಟ್ಟದೆ ಎತ್ತಲೇಬೇಡಿ. ಆ ಹೆಂಗಸು ಗೋಡೆಗೆ ಮುಖವಿಟ್ಟು ಅತ್ತಳು.

ಅಗಾಯ್ ಚಹಾದ ಬಟ್ಟಲು ಕೆಳಗಿಟ್ಟರು. "ನಂಬರು ಚಿಕ್ಕದಿದ್ದಷ್ಟೂ ಆ ದಾರಿ ಮೊದಲು ಅಂತ ನಿಂಗೆ ಹೇಳ್ಕೊಟ್ಟೋರು ಯಾರು?"

ಬುರುಲ್ಚಾ ತಲೆ ತಗ್ಗಿಸಿದಳು. "ನೀವೇ, ಅಗಾಯ್."

"ಎಷ್ಟು ದಿನದಿಂದ ಕಾಡ್ತಾ ಇದೆ ಆ ಸಾಲು?"

"ನಾಲ್ಕು ವರ್ಷ."

"ನಾಲ್ಕು ವರ್ಷ! ಪ್ರತಿ ಶುಕ್ರವಾರ ಬಂದು ಚಹಾ ಕುಡ್ದು ಹೋಗಿದೀನಿ. ಒಬ್ಬರಾದ್ರೂ ಬಾಯಿ ಬಿಟ್ರಾ? ಸತ್ತೋರು ಮಾಡಿದ್ದನ್ನಲ್ವೇನಮ್ಮಾ ಹೀಗೆ ಮುಟ್ಟದೆ ಇಡೋದು? ನಾನಿನ್ನೂ ಉಸಿರಾಡ್ತಾ ಇದೀನಿ. ಅಳಿಸು."

ಅಳಿಸಿದಳು. ಒಂದು ಕ್ಷಣದ ಕೆಲಸ.

"ನಾನು ಮಾಡಿಟ್ಟಿದ್ದರಲ್ಲಿ ಇನ್ನೇನಾದ್ರೂ ತಪ್ಪಿದೆಯಾ?" ಅಗಾಯ್ ಗತ್ತಿನಿಂದಲೇ ಕೇಳಿದರು, ಇಲ್ಲ ಎನ್ನುತ್ತಾಳೆಂಬ ಧೈರ್ಯದಲ್ಲಿ.

ಬುರುಲ್ಚಾ ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ.

"ಇನ್ನೂ ಆರಿದೆ, ಅಗಾಯ್."

ಅವರ ಮುಖ ಸಣ್ಣಗಾಯಿತು. ಆಮೇಲೆ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. "ಹೇಳಮ್ಮಾ, ಮೊದಲನೇದು ಯಾವ್ದು?"