ತೌಡಿನ ಡಬ್ಬದ ಸೈಡ್‌ಕಾರು

ಸಿರುಗುಪ್ಪದ ಗಾದಿಲಿಂಗಪ್ಪನ ಕೈಗೆ ಹಳೇ ಕಬ್ಬಿಣ ಸಿಕ್ಕರೆ ಮುಗಿಯಿತು, ಊಟದ ನೆನಪೂ ಇರುತ್ತಿರಲಿಲ್ಲ. ರೈಸ್ ಮಿಲ್ಲಿನಲ್ಲಿ ಫಿಟ್ಟರ್ ಕೆಲಸ; ಮನೆಗೆ ಬಂದ ಮೇಲೂ ಅದೇ ಸ್ಪಾನರು, ಅದೇ ಗ್ರೀಸು. ಎಪ್ಪತ್ತನಾಲ್ಕನೇ ಇಸವಿಯಲ್ಲಿ ಬಳ್ಳಾರಿಯ ಕೌಲ್ ಬಜಾರಿನ ಗುಜರಿಯಿಂದ, ಯುದ್ಧದ ಕಾಲದ ಮಿಲಿಟರಿ ಮೋಟಾರು ಸೈಕಲ್ಲೊಂದನ್ನು ಭತ್ತದ ಲಾರಿಯಲ್ಲಿ ಹೇರಿಕೊಂಡು ಬಂದ. ಸೀಟಿಲ್ಲ, ದೀಪವಿಲ್ಲ, ಟ್ಯಾಂಕಿನ ಒಂದು ಮಗ್ಗುಲು ನೆಗ್ಗಿಹೋಗಿದೆ. ಪಕ್ಕದ ಮನೆಯ ಪಾರಮ್ಮ ಸುತ್ತು ಹೊಡೆದು ನೋಡಿ, "ಇದನ್ನ ಓಡಸ್ತೀಯೋ, ಹೂಳ್ತೀಯೋ?" ಅಂದಳು. ಗಾದಿಲಿಂಗಪ್ಪ ನಕ್ಕ. ಅವನ ಹೆಂಡತಿ ಸುವರ್ಣಮ್ಮ ಮಾತ್ರ ನಗಲಿಲ್ಲ.

ಪಾಪ, ಅವಳಿಗೆ ನಗು ಬರುವುದಾದರೂ ಹೇಗೆ! ಸಿರಿಗೇರಿಯ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕು ಇನ್ನೂ ವರ್ಷ ತುಂಬಿರಲಿಲ್ಲ. ಬೆಳಗಿನ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದರೂ ಬಾಗಿಲಿಗೆ ಜನ ಜೋತುಬಿದ್ದಿರುತ್ತಿದ್ದರು. ಪ್ರಾರ್ಥನೆ ಮುಗಿದ ಮೇಲೆ ಬೆವರೊರೆಸಿಕೊಳ್ಳುತ್ತ ಬರುವ ಟೀಚರನ್ನು ನೋಡಿ ನೋಡಿ ಹೆಡ್‌ಮಾಸ್ತರರಿಗೂ ಸಾಕಾಗಿತ್ತು. ದಸರಾ ರಜೆ ಮುಗಿದ ಮೇಲೆ ಒಂದು ದಿನ ತಡವಾದರೂ ಮೇಲಿನವರಿಗೆ ಬರೆಯುತ್ತೇನೆ ಎಂದಿದ್ದರು. ಕಾಯಂ ಆಗದ ನೌಕರಿ, ಬರೆದರೆ ಹೋಯಿತು.

"ಅದಕ್ಕ ಈ ಗಾಡಿ ತಂದೀನಿ. ನಾನು ಬಿಟ್ಟು ಬರ್ತೀನಿ, ಹಿಂದ ಕುಂದ್ರು" ಎಂದ ಗಾದಿಲಿಂಗಪ್ಪ.

"ಮಾವಾರು ಜಗಲಿ ಮ್ಯಾಲ ಕುಂತಿರ್ತಾರ. ಅವರ ಮುಂದ ನಾನು ಎತ್ತರದಾಗ ಕುಂತು ಹೋಗಲೇನ್ರಿ?"

ಆ ಮನೆಗಳಲ್ಲಿ ಪದ್ಧತಿಯೇ ಹಾಗೆ. ಮಾವನೆದುರು ಸೊಸೆ ಹೊರಸಿನ ಮೇಲೂ ಕೂರುವುದಿಲ್ಲ. ಬಂಡಿಯಲ್ಲಿ ಬಂದರೂ ಮನೆಯ ಜಗಲಿ ಕಾಣುವ ಮೊದಲೇ ಇಳಿದು, ಸೆರಗು ಹೊದ್ದು ನಡೆದು ಬರುತ್ತಾಳೆ. ಓಣಿ ದಾಟಿ ಹತ್ತು ಅಂದರೆ ಸುವರ್ಣಮ್ಮನಿಗೆ ಸಿಟ್ಟೇ ಬಂತು. "ಕದ್ದು ಓಡಿ ಹೋದಂಗ ಆಕೈತಿ. ಅದರ ಬದಲಿ ನೌಕರಿ ಬಿಡಾದು ಚಲೋ" ಎಂದು ಒಳಗೆ ಹೋದಳು. ಮಾವ ವಿರೂಪಾಕ್ಷಪ್ಪನನ್ನೇ ಒಂದು ಮಾತು ಕೇಳಬಹುದಿತ್ತಲ್ಲ? ಅಯ್ಯೋ, ಇಂಥದ್ದನ್ನೆಲ್ಲ ಹಿರಿಯರ ಹತ್ತಿರ ಕೇಳುವುದುಂಟೇ! ಗಂಡ ಹೆಂಡಿರಿಬ್ಬರಿಗೂ ಅದು ಹೊಳೆಯಲೇ ಇಲ್ಲ.

ಗಾದಿಲಿಂಗಪ್ಪನಿಗೆ ಹೊಳೆದದ್ದು ಬೇರೆ. ಜಗಲಿಗಿಂತ ಕೆಳಗೆ ಕೂತರಾಯಿತು ತಾನೆ? ಗಾಡಿಯ ಎಡಮಗ್ಗುಲಿಗೆ ಒಂದು ಸೈಡ್‌ಕಾರು ಕಟ್ಟುವುದು. ನೆಲಕ್ಕೆ ಎಷ್ಟು ಹತ್ತಿರವಾದರೆ ಅಷ್ಟು ಮರ್ಯಾದೆ. ಕೈಯಲ್ಲಿ ದುಡ್ಡಿಲ್ಲ, ಆದರೆ ಮಿಲ್ಲಿನ ಹಿತ್ತಲಿದೆಯಲ್ಲ! ಮಾಲೀಕರು "ಒಯ್ಯಪ, ಜಾಗನಾರ ಖಾಲಿ ಆಕೈತಿ" ಎಂದುಬಿಟ್ಟರು. ಹಳೇ ನೀರಿನ ಪೈಪು ಬಗ್ಗಿಸಿ ಚೌಕಟ್ಟು ಮಾಡಿದ. ತೌಡು ತುಂಬುತ್ತಿದ್ದ ದೊಡ್ಡ ತಗಡಿನ ಡಬ್ಬವನ್ನು ಉದ್ದಕ್ಕೆ ಸೀಳಿದರೆ ಕೂರುವ ಪೆಟ್ಟಿಗೆಯಾಯಿತು. ಮಿಲ್ಲಿನ ಸವೆದ ಬೆಲ್ಟು ಕತ್ತರಿಸಿ ಹೊಲಿದು ಗಾಡಿಗೂ ಪೆಟ್ಟಿಗೆಗೂ ಸೀಟು, ಗುಜರಿ ಸ್ಕೂಟರಿನದೊಂದು ಗಾಲಿ, ಬಾಗಿಲಿಗೆ ಬಳಿದು ಮಿಕ್ಕಿದ್ದ ಹಸಿರು ಬಣ್ಣ. ಅಪ್ಪ ಗುಡಿಗೆ ಹೋದ ಹೊತ್ತು ನೋಡಿ ಹೆಂಡತಿಯನ್ನು ಪೆಟ್ಟಿಗೆಯಲ್ಲಿ ಕೂರಿಸಿ, ಜಗಲಿಯಿಂದ ದಾರ ಹಿಡಿದು ಎತ್ತರ ಅಳೆದ. ರಜೆಯಿಡೀ ಸಂಜೆಯಾದರೆ ಠಣ ಠಣ ಸದ್ದು, ಓಣಿಯವರ ತಲೆ ಚಿಟ್ಟು ಹಿಡಿದುಹೋಯಿತು. ವಿರೂಪಾಕ್ಷಪ್ಪ ಎಲೆಯಡಿಕೆ ಮೆಲ್ಲುತ್ತ ಎಲ್ಲ ನೋಡುತ್ತಿದ್ದ. ಮಗನ ಕಬ್ಬಿಣದ ಹುಚ್ಚು ಅವನಿಗೆ ಹೊಸದೇನಲ್ಲ.

ಗಾಡಿಯನ್ನು ಮೊದಲ ಸಲ ಓಡಿಸಿದ್ದು ಕುರುಗೋಡು ರಸ್ತೆಯಲ್ಲಿ. ಪೆಟ್ಟಿಗೆ ಖಾಲಿ. ಎಡಕ್ಕೆ ತಿರುಗಿಸಿದ್ದೇ ತಡ, ಸೈಡ್‌ಕಾರು ನೆಲ ಬಿಟ್ಟು ಮೇಲೆದ್ದಿತು. ಫಿಟ್ಟರ್ ಸಾಹೇಬರು ಭತ್ತದ ಗದ್ದೆಯ ಕೆಸರಿನಲ್ಲಿ! ಪೆಟ್ಟಿಗೆಗೆ ಭಾರ ಬೇಕು ಅಂತ ಆಗ ಗೊತ್ತಾಯಿತು. ಮರುದಿನ ಭತ್ತದ ಚೀಲ ಇಟ್ಟುಕೊಂಡು ಕುರುಗೋಡಿನ ಗುಡಿಯ ದೊಡ್ಡಬಸವಣ್ಣನಿಗೆ ಕೈಮುಗಿದು, ಮೈಗೆ ಮಣ್ಣಾಗದೆ ವಾಪಸ್ಸು ಬಂದ.

"ಚೀಲ ಇದ್ರ ಕುದುರಿ ಹಂಗ ಹೋಕೈತಿ ನೋಡು. ನೀ ಕುಂತರ ಕೇಳಾದ ಬ್ಯಾಡ."

"ಅಂದ್ರ ನಾನು ಭತ್ತದ ಚೀಲೇನ್ರಿ?" ಎಂದಳು ಸುವರ್ಣಮ್ಮ. ಅಂತೂ ನಕ್ಕಳು.

ರಜೆ ಮುಗಿಯಿತು. ಬೆಳಿಗ್ಗೆ ಸುವರ್ಣಮ್ಮ ಮಾವನಿಗೆ ನಮಸ್ಕಾರ ಮಾಡಿ, ತಲೆ ತುಂಬ ಸೆರಗು ಹೊದ್ದು, ಮೊಣಕಾಲು ಎದೆಗೊತ್ತಿಕೊಂಡು ಪೆಟ್ಟಿಗೆಯಲ್ಲಿ ಕೂತಳು. ಹೊರಗೆ ಕಾಣುತ್ತಿದ್ದದ್ದು ಬರೀ ತಲೆ. ಪಾರಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. ಗಾದಿಲಿಂಗಪ್ಪ ಕಿಕ್ ಹೊಡೆದ, ಗಾಡಿ ಗುಡುಗುಡು ಎಂದಿತು.

"ಏ, ನಿಲ್ಲಸೋ!"

ವಿರೂಪಾಕ್ಷಪ್ಪ ಜಗಲಿಯಿಂದ ಇಳಿದು ಬಂದಿದ್ದ. ಗಾದಿಲಿಂಗಪ್ಪ ಗಾಡಿ ಬಂದ್ ಮಾಡಿದ.

"ಏನವ್ವ, ಅಲ್ಲ್ಯಾಕ ಮುದುರಿಕೊಂಡು ಕುಂತಿ?"

ಗಾದಿಲಿಂಗಪ್ಪನೇ ತೊದಲಿದ. "ನೀ ಜಗಲಿ ಮ್ಯಾಲ ಕುಂತಿರ್ತೀಯಲ್ಲಪ್ಪ. ನಿನ್ನ ಮುಂದ ಆಕಿ ಎತ್ತರದಾಗ ಹೆಂಗ ಅಂತ..."

ಇಷ್ಟು ದಿನದ ಠಣ ಠಣ ಯಾತಕ್ಕೆಂದು ಮುದುಕನಿಗೆ ಆಗ ತಿಳಿಯಿತು. ಸಿಟ್ಟು ನೆತ್ತಿಗೇರಿತು. "ನನ್ನ ಕೇಳಾಕ ಬಾಯಿರಲಿಲ್ಲೇನು ನಿಮಗ? ಅಷ್ಟು ಹುಡುಗ್ರಿಗೆ ಅಕ್ಷರ ಕಲಿಸಾಕಿ ತೌಡಿನ ಡಬ್ಬ್ಯಾಗ ಕುಂತು ಬಜಾರದಾಗ ಹೋದ್ರ ನನಗ ಮರ್ಯಾದಿ ಬರ್ತೈತೇನು? ಏಳವ್ವ. ಮ್ಯಾಲ ಕುಂದ್ರು."

"ಪೆಟಿಗಿ ಖಾಲಿ ಇದ್ರ ಪಲ್ಟಿ ಹೊಡಿತೈತಪ್ಪ. ಚೀಲ ತರಾಕ ಮಿಲ್ಲಿಗೆ ಹೋದ್ರ ಸಾಲಿಗೆ ಹೊತ್ತಾಕೈತಿ."

"ನಾನು ಅದೀನಲ್ಲ!"

ಎಂದವನೇ ಸೊಸೆ ಎದ್ದ ಜಾಗದಲ್ಲಿ ಧೋತರ ಎತ್ತಿಕೊಂಡು ಇಳಿದು ಕೂತೇಬಿಟ್ಟ. ಸುವರ್ಣಮ್ಮ ನಡುಬೀದಿಯಲ್ಲಿ ನಿಂತಳು. ಮಾವ ಕೆಳಗೆ, ತಾನು ಮೇಲೆ! ಓಣಿಗೆ ಓಣಿಯೇ ನೋಡುತ್ತಿದೆ. ನಾಚಿಕೆಯೋ ಸಂತೋಷವೋ, ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

"ಮಾವಾರ, ನಾನು ಹೆಂಗ..."

"ಹತ್ತವ್ವ ತಾಯಿ, ಗಂಟಿ ಹೊಡಿತೈತಿ ಅಲ್ಲಿ."

ಹತ್ತಿ ಕೂತಳು. ಬಜಾರಿನ ಉದ್ದಕ್ಕೂ ವಿರೂಪಾಕ್ಷಪ್ಪ ಪೆಟ್ಟಿಗೆಯಿಂದ ಕೈ ಎತ್ತಿ ಎತ್ತಿ, ಕಂಡವರಿಗೆಲ್ಲ "ಸೊಸಿನ್ನ ಸಾಲಿಗೆ ಬಿಡಾಕ ಹೊಂಟೀನಿ" ಎಂದು ಕೂಗಿದ. ಅಂಗಡಿಗಳ ಮುಂದೆ ಹಮಾಲರು ಬೆನ್ನ ಮೇಲಿನ ಚೀಲ ಮರೆತು ನಿಂತರು.

ಸಿರಿಗೇರಿ ಮುಟ್ಟಿದಾಗ ಗಂಟೆ ಇನ್ನೂ ಹೊಡೆದಿರಲಿಲ್ಲ. ಹೆಡ್‌ಮಾಸ್ತರರು ಹೊರಗೆ ಬಂದು ಗಡಿಯಾರ ನೋಡಿದರು, ಗಾಡಿ ನೋಡಿದರು. ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡು ಏಳಲಾರದೆ ಒದ್ದಾಡುತ್ತಿದ್ದ ಮುದುಕನನ್ನೂ ನೋಡಿದರು.

"ಯಜಮಾನ್ರು ಯಾರು?"

ಬೇರೆ ದಿನವಾಗಿದ್ದರೆ ವಿರೂಪಾಕ್ಷಪ್ಪ ಅಪ್ಪ, ತಾತ, ಮನೆತನ, ಹೊಲ ಎಲ್ಲ ಹೇಳಿಯೇ ತನ್ನ ಹೆಸರಿಗೆ ಬರುತ್ತಿದ್ದ.

"ನಾನ್ರೀ?" ಎಂದ, "ಸುವರ್ಣಮ್ಮ ಟೀಚರ ಮಾವ."