ಹೊಳಲ್ಕೆರೆ ದಾರಿಯ ಕೆಂಪು ಚುಕ್ಕೆ

ಯುರೋಪಿನ ದೊಡ್ಡ ಯುದ್ಧ ಮುಗಿದ ಮೇಲೆ ನಮ್ಮ ಸೀಮೆಗೂ ಮೋಟಾರ್ ಸೈಕಲ್ಲುಗಳು ಬಂದವು. ಜನ ಅವನ್ನು ಫಟ್‌ಫಟಿ ಎನ್ನುತ್ತಿದ್ದರು. ಭೀಮಸಮುದ್ರದ ಅಡಿಕೆ ವ್ಯಾಪಾರಿಗಳ ಮನೆಯಲ್ಲೊಂದು, ಹಿರಿಯೂರಿನ ವಕೀಲರೊಬ್ಬರ ಬಳಿ ಒಂದು, ಹೀಗೆ ಅಲ್ಲೊಂದು ಇಲ್ಲೊಂದು. ಫಟ್‌ಫಟಿ ಇದ್ದ ಆ ಕೆಲವರಲ್ಲೇ ಬಿದ್ದು ಸತ್ತವರೂ ಇದ್ದರು. ಎತ್ತಿನ ಗಾಡಿಗೆಂದು ಹಾಕಿದ ಜಲ್ಲಿ ರಸ್ತೆಗಳಿಗೆ ಆ ವೇಗ ತಿಳಿಯದು.

ನಾನು ಆಗ ಚಿತ್ರದುರ್ಗದಲ್ಲಿ ರಸ್ತೆ ಕಚೇರಿಯ ನಕ್ಷೆಗಾರ. ಒಂದು ದಿನ ಇಂಜಿನಿಯರರು ಕರೆದು, "ಫಟ್‌ಫಟಿಯೋರು ಎಲ್ಲೆಲ್ಲಿ ಸತ್ತಾರೋ ಅಲ್ಲೆಲ್ಲ ನಕ್ಷೆ ಮೇಲೆ ಕೆಂಪು ಚುಕ್ಕೆ ಇಡ್ರಿ. ಕಣ್ಣಿಗೆ ಕಂಡ್ರೆ ಏನಾದ್ರೂ ಮಾಡಬೋದು" ಎಂದರು.

ಠಾಣೆಗಳಲ್ಲಿ ವಿಚಾರಿಸಿದೆ, ಜಾಗಗಳಿಗೆ ಹೋಗಿ ಬಂದೆ. ಚುಕ್ಕೆ ಇಡುತ್ತ ಹೋದಂತೆ ಹಿರಿಯೂರು ದಾರಿಯ ಒಂದು ತಿರುವಿನಲ್ಲಿ, ಮೋರಿಯ ಪಕ್ಕ, ಮೂರು ಚುಕ್ಕೆ ಒತ್ತಾಗಿ ಕೂತವು. ಸತ್ತವರು ಬೇರೆ ಬೇರೆ ಊರಿನವರು. ಪ್ರತಿ ಮನೆಯವರೂ ತಮ್ಮ ಹಣೆಬರಹವೆಂದು ಅತ್ತು ಸುಮ್ಮನಾಗಿದ್ದರು. ಜಾಗ ಒಂದೇ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಇಂಜಿನಿಯರರು ಆ ತಿರುವನ್ನು ಕಡಿಸಿ ಅಗಲ ಮಾಡಿಸಿದರು, ಅಂಚಿಗೆ ಸುಣ್ಣ ಬಳಿದ ಕಲ್ಲು ನೆಡಿಸಿದರು. ನಾನು ಆ ಕಚೇರಿಯಲ್ಲಿದ್ದಷ್ಟು ಕಾಲ ಅಲ್ಲಿ ಮತ್ತೆ ಯಾರೂ ಸಾಯಲಿಲ್ಲ. ನನ್ನ ಕೆಲಸದಿಂದ ಒಂದು ಜೀವವಾದರೂ ಉಳಿದಿರಬೇಕು ಎಂದು ಹಿಗ್ಗಿದ್ದುಂಟು.

ಆದರೆ ಆ ಹಿಗ್ಗು ಬಹಳ ದಿನ ಬಾಳಲಿಲ್ಲ. ಹಿರಿಯೂರು ಪೇಟೆಯ ನಡುವೆ, ಆಸ್ಪತ್ರೆಯ ಎದುರಿಗೇ ಒಂದು ಚುಕ್ಕೆ ಇಟ್ಟಿದ್ದೆ. ಸತ್ತವನ ತಂದೆ ಸಿಕ್ಕಾಗ ನಿಜ ತಿಳಿಯಿತು: ಅವನು ಬಿದ್ದದ್ದು ಯಲ್ಲದಕೆರೆ ಹತ್ತಿರ. ಗಾಡಿಯಲ್ಲಿ ಮಲಗಿಸಿ ತರುವಷ್ಟರಲ್ಲಿ ಆಸ್ಪತ್ರೆ ಬಾಗಿಲಲ್ಲಿ ಪ್ರಾಣ ಹೋಗಿತ್ತು. ಠಾಣೆಯ ದಫೇದಾರರನ್ನು ಕೇಳಿದರೆ, "ಸತ್ತಿದ್ದು ಇಲ್ಲೇ ಅಲ್ವೇನ್ರಿ?" ಎಂದರು. ಅದೂ ಸುಳ್ಳಲ್ಲ. ಚುಕ್ಕೆಯನ್ನು ಕೆರೆದು ಯಲ್ಲದಕೆರೆಗೆ ಒಯ್ದೆ. ಕೆರೆದಲ್ಲಿ ಕಾಗದ ತೆಳ್ಳಗಾಯಿತು. ಉಳಿದವುಗಳಲ್ಲಿ ಇಂಥವು ಎಷ್ಟಿವೆಯೋ ಎಂದು ಮತ್ತೆ ಊರೂರು ಅಲೆದೆ. ಸತ್ತವರ ಮನೆಗಳಲ್ಲಿ ಕೂತು ಬಿದ್ದದ್ದೆಲ್ಲಿ ಎಂಬ ಅದೇ ಪ್ರಶ್ನೆ ಕೇಳಿ ಕೇಳಿ ನಾಲಿಗೆ ಭಾರವಾಯಿತು.

ಆ ಓಡಾಟಕ್ಕೆ ನನ್ನನ್ನು ತಮ್ಮ ಫಟ್‌ಫಟಿಯ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದವರು ನಮ್ಮ ಕಚೇರಿಯ ಓವರ್‌ಸಿಯರರು. ಅದರ ಮೇಲೆ ಅವರಿಗೆ ಮಗುವಿನ ಮೇಲಿನಂಥ ಅಕ್ಕರೆ. ಚುಕ್ಕೆಯ ಜಾಗ ಬಂದರೆ ನಿಧಾನ ಮಾಡಿ, "ಗಟ್ಟಿ ಹಿಡ್ಕಳಪ್ಪ, ನಿನ್ ಚುಕ್ಕೆ ಬಂತು" ಎಂದು ನಗುತ್ತಿದ್ದರು.

ಅವರು ಸತ್ತದ್ದು ಹೊಳಲ್ಕೆರೆ ದಾರಿಯಲ್ಲಿ, ಒಂದು ಮಧ್ಯಾಹ್ನ. ಆ ದಾರಿಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಹುಣಸೆ ಮರಕ್ಕೆ ಬಡಿದು ಸತ್ತರು ಎಂಬುದಷ್ಟೇ ನಮಗೆ ತಿಳಿಯಿತು. ಠಾಣೆಯವರು ಹೇಳಿದ ಜಾಗದಲ್ಲಿ ಅವರ ಚುಕ್ಕೆಯನ್ನೂ ನಾನೇ ಇಟ್ಟೆ.

ಒಂದೆರಡು ತಿಂಗಳು ಕಳೆದ ಮೇಲೆ ಅವರ ಹೆಂಡತಿ ತಮ್ಮ ಅಣ್ಣನ ಜೊತೆ ಕಚೇರಿಗೆ ಬಂದರು. ನಕ್ಷೆಯ ಮುಂದೆ ನಿಂತು ನನ್ನ ಕಡೆ ತಿರುಗಿ, "ಇದ್ರಾಗೆ ಅವ್ರು ಎಲ್ಲವ್ರೆ, ಅಣ್ಣಾ?" ಎಂದರು. ನಾನು ಬೆರಳಿಟ್ಟು ತೋರಿಸಿದೆ. ಅವರು ಆ ಚುಕ್ಕೆಯನ್ನು ಬಗ್ಗಿ ನೋಡಿದರು.

"ಇಷ್ಟೇನಾ? ನಾ ಆ ಜಾಗ ನೋಡ್ಬೇಕು."

ಮಾರನೆಯ ದಿನ ಗಾಡಿ ಕಟ್ಟಿಸಿಕೊಂಡು ಮೂವರೂ ಹೋದೆವು. ನೆಟ್ಟಗಿನ ರಸ್ತೆ. ತಿರುವಿಲ್ಲ, ಮೋರಿಯಿಲ್ಲ, ಇಳಿಜಾರಿಲ್ಲ. ಮರದ ತೊಗಟೆ ಒಂದು ಕಡೆ ಸುಲಿದಿತ್ತು. "ಇಲ್ಲಿ ಬೀಳೋಕೆ ಏನೈತಣ್ಣಾ?" ಎಂದು ಅವರು ನನ್ನನ್ನು ಕೇಳಿದರು. ನಾನು ರಸ್ತೆಯ ಎರಡೂ ಕಡೆ ನಡೆದು ನೋಡಿ ಬಂದೆ.

ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸು ನಮ್ಮನ್ನು ನೋಡಿ ಎದ್ದು ಬಂದಳು. ಯಾರೆಂದು ಕೇಳಿ ತಿಳಿದವಳೇ ಓವರ್‌ಸಿಯರರ ಹೆಂಡತಿಯ ಕಾಲು ಹಿಡಿದಳು.

"ಅವ್ವಾ, ಅಡ್ಡ ಬಂದ ಗಾಡಿ ನಮ್ದೇ ಕಣವ್ವಾ. ಫಟ್‌ಫಟಿ ಸದ್ದಿಗೆ ಎತ್ತು ಬೆದರಿ ಅಡ್ಡ ತಿರುಗಿದ್ವು. ಗಾಡೀಲಿ ನನ್ ಮಕ್ಳಿದ್ರು. ಅವ್ರು ನಮ್ಮೇಲೆ ಬರ್ಲಿಲ್ಲ, ಮರದ್ ಕಡೆ ತಿರುಗಿಸ್ಕಂಡ್ರು."

ಓವರ್‌ಸಿಯರರ ಹೆಂಡತಿ ಬಗ್ಗಿ ಅವಳನ್ನು ಎಬ್ಬಿಸಿದರು.

"ಮಕ್ಳು ಚೆನ್ನಾಗವ್ರಾ?"

"ಅವ್ರೆ ಕಣವ್ವಾ."

"ಕರಿ, ನೋಡ್ತೀನಿ."

ಹೊಲದಾಚೆಯ ಗುಡಿಸಲಿನಿಂದ ಎರಡು ಮಕ್ಕಳು ಬಂದವು. ಓವರ್‌ಸಿಯರರ ಹೆಂಡತಿ ಅವುಗಳ ತಲೆ ಮುಟ್ಟಿದರು. ಅಲ್ಲಿಯವರೆಗೆ ಬಿಗಿಹಿಡಿದಿದ್ದ ಅಳು ಆಗ ಬಂತು. ಅವರ ಅಣ್ಣ ಮುಖ ತಿರುಗಿಸಿ ನಿಂತರು. ನಾನು ಗಾಡಿಯ ಮುಂದಿನ ಮೂಕಿಮರ ಹಿಡಿದುಕೊಂಡೆ.

ಕಚೇರಿಗೆ ಬಂದು ಇಂಜಿನಿಯರರಿಗೆ ಎಲ್ಲ ಹೇಳಿದೆ. "ಅಲ್ಲಿ ಏನ್ ಮಾಡ್ಸೋದ್ರಿ?" ಎಂದರು. "ಏನೂ ಇಲ್ಲ ಸ್ವಾಮಿ, ರಸ್ತೆ ನೆಟ್ಟಗೈತೆ" ಎಂದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

ಓವರ್‌ಸಿಯರರ ಹೆಂಡತಿ ಅಣ್ಣನ ಜೊತೆ ಹೊಸದುರ್ಗಕ್ಕೆ ಹೋಗಿ ನೆಲೆಸಿದರು. ನಾನು ಇನ್ನೂ ಕೆಲವು ವರ್ಷ ಅದೇ ಕೆಲಸದಲ್ಲಿದ್ದೆ. ನಕ್ಷೆ ನೋಡಿ ಇಂಜಿನಿಯರರು ಮಾರಿಕಣಿವೆ ದಾರಿಯ ಇನ್ನೊಂದು ತಿರುವನ್ನೂ ಸರಿಮಾಡಿಸಿದರು. ಅದು ಒಳ್ಳೆಯದೇ ಆಯಿತು. ಆದರೂ ಹೊಸ ಸಾವಿನ ಸುದ್ದಿ ಬಂದಾಗಲೆಲ್ಲ ಆ ಹುಣಸೆ ಮರ ನೆನಪಾಗಿ, ಕೆಂಪು ಮಸಿಕುಡಿಕೆಯ ಮುಚ್ಚಳ ತೆಗೆಯಲು ಬೇಗ ಕೈ ಏಳುತ್ತಿರಲಿಲ್ಲ.